ಹಕ್ಕಿಗೆ ಗುಣದ ಸರ್ಟಿಫಿಕೇಟು ಬೇಕೆ?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)

ಈ ಹೊತ್ತು ನನಗೆ ಕೊಟ್ಟಿರುವ ವಿಷಯದ ಹೆಸರು ಸ್ವಲ್ಪ ಭಾರವಾಗಿದೆ. 'ಸದ್ಗುಣದ ನೀತಿ ಮತ್ತು ಆಧುನಿಕ ಉದಾರವಾದ'. ಕೇಳಿದ ಕೂಡಲೇ ಇದು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡೋರಿಗೆ ಸೇರಿದ್ದು, ನಮಗ್ಯಾಕೆ ಅಂತ ನಿಮಗೆ ಅನ್ನಿಸಬಹುದು. ಆದರೆ ಇದರ ಒಳಗಿರುವ ಪ್ರಶ್ನೆ ನಮ್ಮ ಅಪ್ಪ ಅವ್ವಂದಿರು ದಿನಾ ಎದುರಿಸಿದ ಪ್ರಶ್ನೆಯೇ. ಒಬ್ಬ ಮನುಷ್ಯನಿಗೆ ಹಕ್ಕು ಕೊಡುವ ಮೊದಲು ಅವನು ಒಳ್ಳೆಯವನೋ, ಯೋಗ್ಯನೋ ಅಂತ ನೋಡಬೇಕೆ? ನೋಡಬೇಕು ಅನ್ನುವುದಾದರೆ ನೋಡುವವರು ಯಾರು? ನೋಡಬೇಕಾಗಿಲ್ಲ ಅನ್ನುವುದಾದರೆ ಒಳ್ಳೆಯತನಕ್ಕೆ ಸಮಾಜದಲ್ಲಿ ಏನು ಕೆಲಸ?

ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳೋಣ. ಸದ್ಗುಣದ ನೀತಿ ಕೇಳುವುದು, ನಾನು ಎಂಥ ಮನುಷ್ಯ ಆಗಬೇಕು ಅಂತ. ಧೈರ್ಯ, ನ್ಯಾಯಬುದ್ಧಿ, ಮಿತ, ಪ್ರಾಮಾಣಿಕತೆ, ವಿವೇಕ, ಇವು ಮನುಷ್ಯನಲ್ಲಿ ಬೆಳೆದರೆ ಬದುಕು ಚೆನ್ನಾಗಿರುತ್ತೆ ಅನ್ನುತ್ತದೆ. ಉದಾರವಾದ ಕೇಳುವುದು ಬೇರೆ ಪ್ರಶ್ನೆ. ನೀನು ಎಂಥ ಮನುಷ್ಯನಾದರೂ ಆಗು, ನಿನ್ನ ಮೇಲೆ ಯಾರು ಏನು ಮಾಡಬಾರದು, ನಿನಗೆ ಏನು ಸಲ್ಲಬೇಕು, ಅದನ್ನು ಮೊದಲು ಹೇಳೋಣ ಅನ್ನುತ್ತದೆ. ಉದಾರ ಅಂದ ಕೂಡಲೇ ನಮ್ಮ ಕಡೆ ಧಾರಾಳವಾಗಿ ದಾನ ಮಾಡೋನು ಅಂತ ಅರ್ಥ ಬರುತ್ತೆ. ಇಲ್ಲಿ ಆ ಅರ್ಥ ಅಲ್ಲ. ಯಾರೋ ಕೈ ಎತ್ತಿ ಕೊಡುವುದಕ್ಕೆ ದಾನ ಅಂತ ಹೆಸರು. ಕೇಳಿ ಪಡೆಯುವುದಕ್ಕೆ, ಕೊಡದಿದ್ದರೆ ಕೋರ್ಟಿಗೆ ಎಳೆಯುವುದಕ್ಕೆ ಹಕ್ಕು ಅಂತ ಹೆಸರು. ಉದಾರವಾದ ಮಾತಾಡುವುದು ಹಕ್ಕಿನ ಬಗ್ಗೆ.

ಸದ್ಗುಣದ ನೀತಿ ಅಂದರೆ ಪಶ್ಚಿಮದವರು ಮೊದಲು ಹೇಳುವ ಹೆಸರು ಅರಿಸ್ಟಾಟಲ್. ಗ್ರೀಕರವನು. ಕ್ರಿಸ್ತಪೂರ್ವ 384ರಲ್ಲಿ ಹುಟ್ಟಿ 322ರಲ್ಲಿ ತೀರಿಕೊಂಡ. ಅವನು ಹೇಳಿದ್ದರಲ್ಲಿ ಒಂದು ದೊಡ್ಡ ಸತ್ಯ ಇದೆ. ಗುಣ ಅನ್ನೋದು ಉಪದೇಶ ಕೇಳಿ ಬರೋದಲ್ಲ, ಮಾಡಿ ಮಾಡಿ ರೂಢಿಯಿಂದ ಬರೋದು ಅಂದ. ನಮ್ಮ ಮಾತಲ್ಲಿ ಹೇಳಬೇಕಾದರೆ, ತಮಟೆ ಬಗ್ಗೆ ಪುಸ್ತಕ ಓದಿದ ಮಾತ್ರಕ್ಕೆ ಯಾರಿಗೂ ತಮಟೆ ಬಾರಿಸೋಕೆ ಬರೋಲ್ಲ. ಗಾರೆ ಕೆಲಸದವನ ಕೈ ಗೋಡೆ ಕಟ್ಟಿ ಕಟ್ಟಿಯೇ ಹದಕ್ಕೆ ಬರುತ್ತೆ. ಹಾಗೆಯೇ ನ್ಯಾಯದ ಕೆಲಸ ಮಾಡ್ತಾ ಮಾಡ್ತಾ ಮನುಷ್ಯ ನ್ಯಾಯವಂತ ಆಗ್ತಾನೆ. ಹೆದರಿಕೆ ಇದ್ದರೂ ನಿಲ್ತಾ ನಿಲ್ತಾ ಧೈರ್ಯವಂತ ಆಗ್ತಾನೆ. ಧೈರ್ಯ ಅಂದರೆ ಪುಕ್ಕಲುತನವೂ ಅಲ್ಲ, ಕಣ್ಣುಮುಚ್ಚಿ ಬೆಂಕಿಗೆ ಹಾರುವ ಹುಂಬತನವೂ ಅಲ್ಲ, ಎರಡರ ನಡುವಿನ ಹದ. ಈ ಮಾತನ್ನು ನಾವು ಒಪ್ಪಬೇಕು.

ಆದರೆ ಇದೇ ಅರಿಸ್ಟಾಟಲ್ ತನ್ನ 'ಪಾಲಿಟಿಕ್ಸ್' ಗ್ರಂಥದಲ್ಲಿ ಕೆಲವರು ಹುಟ್ಟಿನಿಂದಲೇ ಗುಲಾಮರು ಅಂದ. ಅವರಿಗೆ ತಮ್ಮದೇ ಆಲೋಚನಾ ಶಕ್ತಿ ಇಲ್ಲ, ಒಡೆಯನ ಆಜ್ಞೆ ತಿಳಿದುಕೊಳ್ಳುವಷ್ಟು ಮಾತ್ರ ಇದೆ ಅಂದ. ಹೆಂಗಸರಿಗೆ ಆಲೋಚನೆ ಇದೆ, ಆದರೆ ಅದಕ್ಕೆ ಅಧಿಕಾರ ಇಲ್ಲ ಅಂದ. ಒಳ್ಳೆಯ ರಾಜ್ಯದಲ್ಲಿ ನಾಗರಿಕನಾದವನು ಕೈಕಸಬು ಮಾಡಬಾರದು, ಉಳಬಾರದು, ಯಾಕಂದರೆ ಗುಣ ಬೆಳೆಯೋಕೆ ಬಿಡುವು ಬೇಕು ಅಂದ. ಸರಿ, ಒಡೆಯನಿಗೆ ಬಿಡುವು ಬೇಕು, ಹೊಲ ಉಳುವವರು ಯಾರು? ಗುಲಾಮರು ಉಳಲಿ ಅಂದ. ಒಬ್ಬನ ಸದ್ಗುಣ ಇನ್ನೊಬ್ಬನ ಬೆವರಿನ ಮೇಲೆ ನಿಂತಿತ್ತು, ಆ ಬೆವರು ಸುರಿಸಿದವನಿಗೆ ಗುಣವೇ ಇಲ್ಲ ಅಂತ ಶಾಸ್ತ್ರವೂ ಬರೆದಾಯಿತು.

ಇದನ್ನು ಓದಿದಾಗ ನಮಗೆ ಹೊಸದೇನೂ ಅನ್ನಿಸೋದಿಲ್ಲ. ನಮ್ಮ ದೇಶದಲ್ಲೂ ಗುಣವನ್ನು ಹುಟ್ಟಿಗೆ ಕಟ್ಟಿ ಹಾಕಿದರು. ಒಬ್ಬನ ಗುಣ ಓದು, ಒಬ್ಬನ ಗುಣ ಶೌರ್ಯ, ಒಬ್ಬನ ಗುಣ ಸೇವೆ. ಹಳ್ಳಿಯಲ್ಲಿ ನಮ್ಮವರನ್ನು ಯಾವ ಮಾತಿನಲ್ಲಿ ಹೊಗಳುತ್ತಿದ್ದರು ನೆನಪು ಮಾಡಿಕೊಳ್ಳಿ. 'ಒಳ್ಳೇ ಆಳು', 'ನಿಯತ್ತಿನೋನು', 'ಎದುರು ಮಾತಾಡೋನಲ್ಲ'. ಜೀತಕ್ಕಿದ್ದವನು ಓಡಿಹೋದರೆ ಅವನಿಗೆ ನಿಯತ್ತಿಲ್ಲ ಅನ್ನುತ್ತಿದ್ದರು. ಒಂದು ಮೂಟೆ ಕಾಳಿನ ಸಾಲಕ್ಕೆ ಒಬ್ಬನ ಇಡೀ ಬದುಕು ಬರೆಸಿಕೊಂಡವನ ನಿಯತ್ತನ್ನು ಯಾರೂ ಕೇಳುತ್ತಿರಲಿಲ್ಲ. ಜೀತ ಪದ್ಧತಿ ರದ್ದತಿ ಕಾಯಿದೆ ಬಂದಿದ್ದು 1976ರಲ್ಲಿ. ಆ ಕಾಯಿದೆ, ಆಳು ನಿಯತ್ತಿನವನೋ ಅಲ್ಲವೋ ಅಂತ ಕೇಳಲಿಲ್ಲ. ಸಾಲವೇ ರದ್ದು, ಅವನು ಬಿಡುಗಡೆ, ಅಷ್ಟೇ ಅಂದಿತು.

ಬಾಬಾಸಾಹೇಬ ಅಂಬೇಡ್ಕರ್ 1936ರಲ್ಲಿ 'ಜಾತಿ ವಿನಾಶ' ಬರೆದರು. ಲಾಹೋರಿನ ಒಂದು ಸಂಸ್ಥೆ ಅವರನ್ನು ಅಧ್ಯಕ್ಷತೆಗೆ ಕರೆದು, ಭಾಷಣ ಓದಿ ಹೆದರಿ, ಸಮ್ಮೇಳನವನ್ನೇ ರದ್ದು ಮಾಡಿದ ಮೇಲೆ ಅವರೇ ಅದನ್ನು ಅಚ್ಚು ಹಾಕಿಸಿದರು. ಅದರಲ್ಲಿ ಅವರು ಹೇಳಿದ ಮುಖ್ಯ ಮಾತುಗಳಲ್ಲಿ ಒಂದು, ಜಾತಿ ನಮ್ಮ ದೇಶದ ನೀತಿಪ್ರಜ್ಞೆಯನ್ನೇ ಕೆಡಿಸಿದೆ ಅಂತ. ಗುಣಕ್ಕೂ ಜಾತಿ ಅಂಟಿಕೊಂಡಿದೆ. ಒಬ್ಬನ ಗುಣವನ್ನು ಮೆಚ್ಚುವ ಮೊದಲು ಅವನು ನಮ್ಮವನೋ ಅಂತ ನೋಡ್ತಾರೆ. ಕಷ್ಟದಲ್ಲಿರುವವನಿಗೆ ಕನಿಕರ ತೋರಿಸುವುದಕ್ಕೂ ಜಾತಿ ನೋಡ್ತಾರೆ. ಗಮನಿಸಿ, ಇಲ್ಲಿ ಅಂಬೇಡ್ಕರ್ ಗುಣವೇ ಬೇಡ ಅನ್ನಲಿಲ್ಲ. ಗುಣ ಕೆಟ್ಟಿದೆ ಅಂದರು. ಈ ವ್ಯತ್ಯಾಸವನ್ನು ಕೊನೆಯತನಕ ನೆನಪಿಟ್ಟುಕೊಳ್ಳಿ.

ಈಗ ಉದಾರವಾದದ ಕಡೆ ಬರೋಣ. ಯೂರೋಪಿನಲ್ಲಿ ಪಂಥ ಪಂಥಗಳು ಒಬ್ಬರನ್ನೊಬ್ಬರು ಕೊಂದುಕೊಂಡ ಯುದ್ಧಗಳ ಹಿನ್ನೆಲೆಯಲ್ಲಿ ಇದು ಬೆಳೆಯಿತು. ಒಳ್ಳೆಯ ಬದುಕು ಯಾವುದು, ಮೋಕ್ಷದ ದಾರಿ ಯಾವುದು ಅಂತ ರಾಜ್ಯ ತೀರ್ಮಾನ ಮಾಡಹೊರಟರೆ ರಕ್ತ ಹರಿಯುತ್ತೆ ಅನ್ನುವ ಪಾಠ ಅವರಿಗೆ ಸಿಕ್ಕಿತು. ಇಂಗ್ಲೆಂಡಿನ ಜಾನ್ ಲಾಕ್ 1689ರಲ್ಲಿ ಧಾರ್ಮಿಕ ಸಹನೆಯ ಬಗ್ಗೆ ಪತ್ರ ಪ್ರಕಟಿಸಿ, ಆತ್ಮದ ಉದ್ಧಾರ ಸರಕಾರದ ಕೆಲಸವಲ್ಲ ಅಂದ. ಜರ್ಮನಿಯ ಕಾಂಟ್ 1795ರಲ್ಲಿ ಇನ್ನೂ ಮುಂದೆ ಹೋದ. ದೆವ್ವಗಳ ಜನಾಂಗ ಇದ್ದರೂ, ಅವಕ್ಕೆ ಬುದ್ಧಿ ಒಂದಿದ್ದರೆ, ರಾಜ್ಯ ಕಟ್ಟಬಹುದು ಅಂದ. ಅಂದರೆ ಪ್ರಜೆಗಳೆಲ್ಲ ಸಜ್ಜನರಾಗಲಿ ಅಂತ ಕಾಯಬೇಕಾಗಿಲ್ಲ, ಒಬ್ಬರ ಸ್ವಾರ್ಥ ಇನ್ನೊಬ್ಬರ ಸ್ವಾರ್ಥವನ್ನು ಹಿಡಿದು ನಿಲ್ಲಿಸುವಂತೆ ಕಾನೂನು ಮಾಡಿದರೆ ಸಾಕು. ನಮ್ಮ ಕಾಲಕ್ಕೆ ಬಂದರೆ ಅಮೆರಿಕದ ಜಾನ್ ರಾಲ್ಸ್ 1971ರಲ್ಲಿ 'ಎ ಥಿಯರಿ ಆಫ್ ಜಸ್ಟಿಸ್' ಬರೆದ. ಅವನು ಕೇಳಿದ್ದು ಇಷ್ಟು: ನೀನು ಬಡವನಾಗಿ ಹುಟ್ಟುತ್ತೀಯೋ ಶ್ರೀಮಂತನಾಗಿಯೋ, ನಿನ್ನ ಬುದ್ಧಿ ಎಷ್ಟು, ಬಲ ಎಷ್ಟು, ಯಾವುದೂ ಗೊತ್ತಿಲ್ಲ ಅಂತ ಇಟ್ಟುಕೋ. ಆಗ ಸಮಾಜಕ್ಕೆ ಯಾವ ನಿಯಮ ಬರೆಯುತ್ತೀಯ? ಇದಕ್ಕೆ ಜಾತಿಯನ್ನೂ ಸೇರಿಸಿ ನೋಡಿ. ನಾಳೆ ಯಾವ ಕೇರಿಯಲ್ಲಿ ಕಣ್ಣು ಬಿಡುತ್ತೇನೆ ಅಂತ ಗೊತ್ತಿಲ್ಲದವನು ಎರಡು ಲೋಟದ ನಿಯಮ ಬರೆಯುತ್ತಾನೆಯೆ?

ಇದರಲ್ಲಿ ನಮಗೆ ದೊಡ್ಡ ಲಾಭ ಇದೆ. ಬಾವಿ ನೀರು ಮುಟ್ಟೋಕೆ ನಾನು ಸಜ್ಜನನಾಗಿರಬೇಕಾಗಿಲ್ಲ. ಹೋಟೆಲಿನೊಳಗೆ ಕೂತು ಚಹಾ ಕುಡಿಯೋಕೆ ಚಾರಿತ್ರ್ಯದ ಸರ್ಟಿಫಿಕೇಟು ಬೇಕಾಗಿಲ್ಲ. ಸಂವಿಧಾನದ 15ನೇ ವಿಧಿ, 17ನೇ ವಿಧಿ ನನ್ನ ಗುಣ ಏನು ಅಂತ ಕೇಳುವುದಿಲ್ಲ. 326ನೇ ವಿಧಿ ವಯಸ್ಸು ಕೇಳುತ್ತದೆ, ಆಸ್ತಿ ಕೇಳುವುದಿಲ್ಲ, ಓದು ಕೇಳುವುದಿಲ್ಲ. ಬ್ರಿಟಿಷರ 1935ರ ಕಾಯಿದೆಯಲ್ಲಿ ಓಟು ಬೇಕಾದರೆ ಆಸ್ತಿಯೋ ತೆರಿಗೆಯೋ ಓದೋ ಇರಬೇಕಿತ್ತು. 1928ರಲ್ಲೇ ಸೈಮನ್ ಆಯೋಗದ ಮುಂದೆ ಅಂಬೇಡ್ಕರ್ ವಯಸ್ಕರಿಗೆಲ್ಲ ಓಟು ಕೊಡಿ ಅಂದಿದ್ದರು. ಕೊನೆಗೆ 1951-52ರ ಮೊದಲ ಮಹಾ ಚುನಾವಣೆಯಲ್ಲಿ ಅಕ್ಷರ ಬಾರದ ಕೋಟಿಗಟ್ಟಲೆ ಜನ ಸಾಲಿನಲ್ಲಿ ನಿಂತರು. ಹಕ್ಕು ಮೊದಲು. ಯೋಗ್ಯತೆಯ ಮಾತು ಆಮೇಲೆ. ಇದು ಉದಾರವಾದದ ನಿಜವಾದ ಕೊಡುಗೆ, ಇದನ್ನು ಯಾರ ಮಾತಿಗೂ ಬಿಟ್ಟುಕೊಡಬಾರದು.

ಆದರೆ ಗೆಳೆಯರೇ, ಉದಾರವಾದಿಗಳು ತಾವು ಹೇಳಿದ್ದಕ್ಕೆ ತಾವೇ ಉದ್ದಕ್ಕೂ ನಿಲ್ಲಲಿಲ್ಲ. ಮುಂಬಾಗಿಲಿನಿಂದ ಆಚೆ ಹಾಕಿದ ಗುಣದ ತಕ್ಕಡಿಯನ್ನು ಹಿಂಬಾಗಿಲಿನಿಂದ ಒಳಗೆ ತಂದರು. ಸ್ವಾತಂತ್ರ್ಯದ ಬಗ್ಗೆ ಬರೆದ ಲಾಕ್ ಗುಲಾಮರ ವ್ಯಾಪಾರ ಮಾಡುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಹಣ ಹಾಕಿದ್ದ. ಜಾನ್ ಸ್ಟುವರ್ಟ್ ಮಿಲ್ ಕತೆ ಇನ್ನೂ ಹತ್ತಿರದ್ದು. ಅವನು 1823ರಿಂದ 1858ರವರೆಗೆ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರ. ಅಲ್ಲಿ ಕೂತು ನಮ್ಮ ದೇಶದ ಆಡಳಿತಕ್ಕೆ ಕಾಗದ ಬರೆಯುತ್ತಿದ್ದ. ಕೆಲಸ ಬಿಟ್ಟ ಮರುವರ್ಷ, 1859ರಲ್ಲಿ 'ಆನ್ ಲಿಬರ್ಟಿ' ಪ್ರಕಟಿಸಿದ. ಸ್ವಾತಂತ್ರ್ಯದ ಬಗ್ಗೆ ಅಷ್ಟು ಚೆನ್ನಾಗಿ ಬರೆದವರು ಕಮ್ಮಿ. ಆದರೆ ಅದೇ ಪುಸ್ತಕದ ಮೊದಲಲ್ಲೇ, ಹಿಂದುಳಿದ ಜನಾಂಗಗಳಿಗೆ ಈ ಸ್ವಾತಂತ್ರ್ಯ ಅನ್ವಯಿಸೋಲ್ಲ, ಅವರ ಉದ್ಧಾರದ ಉದ್ದೇಶ ಇದ್ದರೆ ಅವರನ್ನು ಸರ್ವಾಧಿಕಾರದಿಂದ ಆಳುವುದು ತಪ್ಪಲ್ಲ ಅಂತ ಬರೆದ. 1861ರ ಇನ್ನೊಂದು ಪುಸ್ತಕದಲ್ಲಿ ಓದು ಬರಹ ಲೆಕ್ಕ ಬಾರದವರಿಗೆ ಓಟು ಬೇಡ, ಬಡವರಿಗೆ ಕೊಡುವ ಸಾರ್ವಜನಿಕ ಸಹಾಯ ಪಡೆದು ಬದುಕುವವರಿಗೂ ಬೇಡ, ಹೆಚ್ಚು ತಿಳಿದವರಿಗೆ ಒಂದಕ್ಕಿಂತ ಹೆಚ್ಚು ಓಟು ಇರಲಿ ಅಂದ. ಅವನ ಅಳತೆಯಲ್ಲಿ ನಮ್ಮ ಅಜ್ಜ ಅಜ್ಜಿಯರಲ್ಲಿ ಎಷ್ಟು ಜನಕ್ಕೆ ಓಟು ಇರುತ್ತಿತ್ತು, ನೀವೇ ಲೆಕ್ಕ ಹಾಕಿ.

ಇದೇ ಮಿಲ್ 1869ರಲ್ಲಿ ಹೆಂಗಸರ ದಾಸ್ಯದ ಬಗ್ಗೆ ಬರೆದಾಗ, ಹೆಂಗಸಿನ ಸ್ವಭಾವ ಅಂತ ನೀವು ಕರೆಯುವುದು ಅವಳನ್ನು ಹಾಗೆ ಬೆಳೆಸಿದ್ದರ ಫಲ ಅಂತ ವಾದಿಸಿದ. ಆ ತರ್ಕ ಹೆಂಗಸಿಗೆ ಸಲ್ಲುವುದಾದರೆ ಇಂಡಿಯಾದವನಿಗೆ ಯಾಕೆ ಸಲ್ಲಬಾರದು? ಕೇಳಬೇಕಾದ ಪ್ರಶ್ನೆ ಇದು. ಕೆಳಗಿಟ್ಟವರಿಗೆ ಯೋಗ್ಯತೆ ಬಾರದಂತೆ ನೋಡಿಕೊಂಡು, ಆಮೇಲೆ ಯೋಗ್ಯತೆ ಇಲ್ಲ ಅಂತ ಹಕ್ಕು ತಡೆಯುವುದು ಹಳೆಯ ಆಟ.

ಈ ಆಟಕ್ಕೆ ಈಗಿನ ಹೆಸರು 'ಮೆರಿಟ್'. ಕಾಲೇಜಿನಲ್ಲಿ ನಿಮಗೆ ಈ ಪದ ಚುಚ್ಚದ ದಿನ ಇಲ್ಲ. ಮೆರಿಟ್ ಅನ್ನೋದು ಗುಣದ ಮಾತಿನ ಇಂಗ್ಲಿಷ್ ಉಡುಪು. ಇದರ ಬಗ್ಗೆ ಕರ್ನಾಟಕದ್ದೇ ಒಂದು ಮೊಕದ್ದಮೆ ಇದೆ. ಮೀಸಲಾತಿಯಿಂದ ಬಡ್ತಿ ಪಡೆದ ನೌಕರರ ಜ್ಯೇಷ್ಠತೆ ಉಳಿಸಲು ನಮ್ಮ ರಾಜ್ಯ ಮಾಡಿದ್ದ 2002ರ ಕಾಯಿದೆಯನ್ನು ಸುಪ್ರೀಂ ಕೋರ್ಟು 2017ರಲ್ಲಿ ಒಪ್ಪಲಿಲ್ಲ. ರಾಜ್ಯ 2018ರಲ್ಲಿ ಹೊಸ ಕಾಯಿದೆ ತಂದಿತು. 2019ರ ಮೇ 10ರಂದು ಬಿ.ಕೆ. ಪವಿತ್ರ ಮೊಕದ್ದಮೆಯ ಎರಡನೇ ತೀರ್ಪಿನಲ್ಲಿ ಕೋರ್ಟು ಅದನ್ನು ಎತ್ತಿ ಹಿಡಿಯಿತು. ಪರೀಕ್ಷೆಯ ಅಂಕ ಒಂದೇ ಮೆರಿಟ್ ಅಲ್ಲ, ಆಡಳಿತದ ದಕ್ಷತೆಯನ್ನು ಅಳೆಯುವಾಗ ಸಮಾಜದ ಎಲ್ಲರಿಗೂ ಅದರಲ್ಲಿ ಪಾಲಿದೆಯೇ ಅಂತಲೂ ನೋಡಬೇಕು ಅನ್ನುವುದು ಆ ತೀರ್ಪಿನ ಸಾರ. ಅಂದರೆ ಅಳೆಯುವ ಕೋಲನ್ನೇ ಅಳೆಯಬೇಕು. ನಿಮ್ಮನ್ನು ಯಾರಾದರೂ ಯೋಗ್ಯತೆಯ ಬಗ್ಗೆ ಕೆಣಕಿದರೆ ತಲೆ ತಗ್ಗಿಸಬೇಡಿ. ಯಾವ ಕೋಲು, ಯಾರು ಕಡಿದದ್ದು, ಯಾವ ಮರದ್ದು ಅಂತ ಕೇಳಿ.

ಇಲ್ಲಿಗೇ ಮಾತು ಮುಗಿಸಿದರೆ ಚಪ್ಪಾಳೆ ಬೀಳುತ್ತೆ. ಗುಣದ ಮಾತೆಲ್ಲ ಮೇಲಿನವರ ಮೋಸ, ಹಕ್ಕು ಒಂದೇ ನಿಜ ಅಂತ ಹೇಳಿ ಮನೆಗೆ ಹೋಗಬಹುದು. ಆದರೆ ಅದು ಅರ್ಧ ಸತ್ಯ.

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1929ರಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡ ಅಲಸ್ಡೇರ್ ಮೆಕಿಂಟೈರ್ ಅಂತ ಒಬ್ಬ ಚಿಂತಕ. 1981ರಲ್ಲಿ 'ಆಫ್ಟರ್ ವರ್ಚ್ಯೂ' ಅನ್ನುವ ಪುಸ್ತಕ ಬರೆದು ಉದಾರವಾದವನ್ನು ನೇರವಾಗಿ ತರಾಟೆಗೆ ತಗೊಂಡ. ಅವನ ವಾದ ಹೀಗೆ: ಈ ಕಾಲದವರು ನೀತಿಯ ಬಗ್ಗೆ ಕೂಗಾಡುತ್ತಾರೆ, ಆದರೆ ಕೂಗಾಟ ಯಾವತ್ತೂ ಮುಗಿಯೋದಿಲ್ಲ. ಯಾಕೆಂದರೆ ಒಳ್ಳೆಯ ಬದುಕು ಯಾವುದು ಅನ್ನುವುದರಲ್ಲಿ ಒಪ್ಪಿಗೆಯೇ ಉಳಿದಿಲ್ಲ. ಪ್ರತಿಯೊಬ್ಬನೂ ಒಂಟಿ, ತನಗೆ ಬೇಕಾದ್ದನ್ನು ಆರಿಸಿಕೊಳ್ಳುವ ಗಿರಾಕಿ. ಗುಣ ಬೆಳೆಯುವುದು ಒಂಟಿಯಾಗಿ ಅಲ್ಲ, ಜನರು ಕೂಡಿ ಮಾಡುವ ಕೆಲಸದಲ್ಲಿ, ಒಂದು ಸಮುದಾಯದಲ್ಲಿ, ಒಂದು ಪರಂಪರೆಯಲ್ಲಿ. ಆದ್ದರಿಂದ ಅರಿಸ್ಟಾಟಲನ ಕಡೆ ತಿರುಗೋಣ ಅಂದ.

ಅವನ ದೂರಿನಲ್ಲಿ ಸತ್ಯ ಇದೆ. ಹಕ್ಕು ಸಿಕ್ಕಿ, ನೌಕರಿ ಸಿಕ್ಕಿ, ಪಟ್ಟಣದಲ್ಲಿ ಮನೆ ಕಟ್ಟಿ, ಹೆಸರು ಬದಲಾಯಿಸಿಕೊಂಡು ಕೇರಿಯ ಕಡೆ ತಲೆ ಹಾಕದವರನ್ನು ನಾವು ನೋಡಿಲ್ಲವೆ? ಕಾನೂನಿನ ಲೆಕ್ಕದಲ್ಲಿ ಅವರದು ತಪ್ಪಿಲ್ಲ. ಆದರೆ ಏನೋ ಕಳೆದಿದೆ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು.

ಆದರೆ ಅವನ ಪರಿಹಾರವನ್ನು ನಾವು ಹಾಗೇ ನುಂಗೋಕಾಗಲ್ಲ. ಸಮುದಾಯ, ಪರಂಪರೆ ಅಂತ ಹೇಳುವುದು ಸುಲಭ. ಯಾವ ಸಮುದಾಯ? ನಮ್ಮನ್ನು ಊರ ಹೊರಗೆ ಇಟ್ಟದ್ದೂ ಒಂದು ಸಮುದಾಯವೇ, ಅದಕ್ಕೂ ಪರಂಪರೆ ಇತ್ತು, ಅದೂ ತನ್ನನ್ನು ಧರ್ಮ ಅಂತಲೇ ಕರೆದುಕೊಂಡಿತ್ತು. ಮೆಕಿಂಟೈರ್ ಕೂಡ 1999ರ ಇನ್ನೊಂದು ಪುಸ್ತಕದಲ್ಲಿ ಅರಿಸ್ಟಾಟಲನನ್ನು ತಿದ್ದಿದ. ಅರಿಸ್ಟಾಟಲನ ದೊಡ್ಡ ಮನುಷ್ಯ ಇನ್ನೊಬ್ಬರಿಂದ ಪಡೆಯಲು ನಾಚುತ್ತಾನೆ, ಇದು ತಪ್ಪು ಅಂದ. ಮಕ್ಕಳಾಗಿದ್ದಾಗ, ಕಾಯಿಲೆ ಬಿದ್ದಾಗ, ಮುದುಕರಾದಾಗ ಎಲ್ಲರೂ ಇನ್ನೊಬ್ಬರನ್ನು ಆತುಕೊಂಡೇ ಬದುಕುವುದು, ಅದನ್ನು ಒಪ್ಪಿಕೊಳ್ಳುವುದೂ ಒಂದು ಗುಣ ಅಂದ. ಸರಿಯಾದ ಮಾತು. ಆದರೂ ನಮ್ಮ ಪ್ರಶ್ನೆ ಹಾಗೇ ಉಳಿಯುತ್ತೆ. ಊರಿನ ಹಳೇ ಸಮುದಾಯಕ್ಕೆ ಹಿಂತಿರುಗದೆ ಗುಣ ಬೆಳೆಸುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ 1948ರ ನವೆಂಬರ್ 4ಕ್ಕೆ ಹೋಗಬೇಕು. ಆ ದಿನ ಅಂಬೇಡ್ಕರ್ ಸಂವಿಧಾನದ ಕರಡನ್ನು ಸಂವಿಧಾನ ಸಭೆಯ ಮುಂದೆ ಇಟ್ಟರು. ಹಳ್ಳಿಯನ್ನೇ ಬುಡವಾಗಿಟ್ಟು ರಾಜ್ಯ ಕಟ್ಟಬೇಕಿತ್ತು ಅಂತ ಟೀಕೆ ಇತ್ತು. ಅಂಬೇಡ್ಕರ್ ಅದಕ್ಕೆ ಸೊಪ್ಪು ಹಾಕಲಿಲ್ಲ. ಹಳ್ಳಿ ಅನ್ನುವುದು ಅಜ್ಞಾನ ಮತ್ತು ಸಂಕುಚಿತತನದ ಗೂಡು, ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ತಗೊಂಡಿದೆ, ಇದು ನನಗೆ ಸಂತೋಷ ಅನ್ನುವ ಅರ್ಥದಲ್ಲಿ ಮಾತಾಡಿದರು. ಇದು ಅಪ್ಪಟ ಉದಾರವಾದದ ಮಾತು. ಆದರೆ ಅದೇ ದಿನ, ಅದೇ ಭಾಷಣದಲ್ಲಿ, ಗ್ರೀಸಿನ ಚರಿತ್ರೆ ಬರೆದ ಗ್ರೋಟ್ ಅನ್ನುವವನ ಮಾತು ಎತ್ತಿಕೊಂಡು 'ಸಂವಿಧಾನ ನೀತಿ'ಯ ಬಗ್ಗೆ ಹೇಳಿದರು. ಈ ನೀತಿ ಮನುಷ್ಯನಿಗೆ ಹುಟ್ಟಿನಿಂದ ಬರುವುದಲ್ಲ, ಬೆಳೆಸಬೇಕು, ನಮ್ಮ ಜನ ಇನ್ನೂ ಅದನ್ನು ಕಲಿಯಬೇಕಾಗಿದೆ ಅಂದರು. ಬೆಳೆಸಬೇಕು, ಕಲಿಯಬೇಕು ಅನ್ನುವುದು ಗುಣದ ಭಾಷೆ. ಒಂದೇ ಭಾಷಣದಲ್ಲಿ ಎರಡೂ ಇದೆ. ಹಕ್ಕಿನ ಘಟಕ ವ್ಯಕ್ತಿ, ಆದರೆ ಹಕ್ಕು ಉಳಿಯುವುದು ಜನರ ರೂಢಿಯಲ್ಲಿ.

ಒಂದು ವರ್ಷದ ಮೇಲೆ, 1949ರ ನವೆಂಬರ್ 25ರಂದು, ಇನ್ನೂ ಬಿಚ್ಚಿ ಹೇಳಿದರು. ಸಂವಿಧಾನ ಎಷ್ಟೇ ಒಳ್ಳೆಯದಿರಲಿ, ನಡೆಸುವವರು ಕೆಟ್ಟವರಾದರೆ ಅದು ಕೆಡುತ್ತೆ ಅಂದರು. ಕಾಂಟನ ದೆವ್ವಗಳ ರಾಜ್ಯ ಇಲ್ಲಿ ನಿಲ್ಲೋದಿಲ್ಲ. ಎಷ್ಟೇ ದೊಡ್ಡ ನಾಯಕನಾದರೂ ಅವನ ಪಾದಕ್ಕೆ ನಿಮ್ಮ ಸ್ವಾತಂತ್ರ್ಯವನ್ನು ಒಪ್ಪಿಸಬೇಡಿ ಅಂತ ಎಚ್ಚರಿಸಿದರು. ಆ ಎಚ್ಚರಿಕೆಗೆ ಅವರು ಹೆಸರು ಹೇಳಿ ಆಧಾರ ಮಾಡಿಕೊಂಡದ್ದು ಯಾರನ್ನು ಗೊತ್ತೆ? ಅದೇ ಮಿಲ್‌ನನ್ನು. ಕಂಪನಿಯ ಕುರ್ಚಿಯಲ್ಲಿ ಕೂತು ನಮಗೆ ಸ್ವಾತಂತ್ರ್ಯ ಬೇಡ ಅಂದವನ ಮಾತನ್ನೇ ತಗೊಂಡು, ನಮ್ಮ ಸ್ವಾತಂತ್ರ್ಯದ ಕಾವಲಿಗೆ ಇಟ್ಟರು. ಪುಸ್ತಕ ಓದುವ ರೀತಿ ಇದು. ಬರೆದವನಿಗೆ ಅಡಿಯಾಳಾಗಬಾರದು, ಬರೆದದ್ದನ್ನು ಬಿಸಾಡಲೂಬಾರದು.

ಹಕ್ಕು ಮತ್ತು ಗುಣ ಹೇಗೆ ಒಂದಕ್ಕೊಂದು ಬೇಕು ಅಂತ ತಿಳಿಯೋಕೆ ಮಹಾಡ್ ಕೆರೆಯ ಚರಿತ್ರೆ ನೋಡಿ. ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ತೆರೆದಿರಬೇಕು ಅಂತ ಮುಂಬೈ ಶಾಸನ ಸಭೆ 1923ರಲ್ಲಿ ಠರಾವು ಮಾಡಿತು. ಮಹಾಡ್ ಪುರಸಭೆ 1924ರಲ್ಲಿ ಅದನ್ನು ಒಪ್ಪಿತು. ಹಕ್ಕು ಕಾಗದದ ಮೇಲೆ ಬಂತು. ಆದರೆ ಚವದಾರ್ ಕೆರೆಗೆ ಒಬ್ಬ ಅಸ್ಪೃಶ್ಯನೂ ಇಳಿಯೋಕಾಗಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಜೊತೆ ಸಾವಿರಾರು ಜನ ನಡೆದು ಹೋಗಿ ನೀರು ಮುಟ್ಟಿದರು. ಆ ದಿನವೇ ಅವರ ಮೇಲೆ ಹಲ್ಲೆ ಆಯಿತು. ತಿರುಗಿ ಹೊಡೆಯೋಕೆ ಜನ ಸಿದ್ಧರಿದ್ದರು, ಅಂಬೇಡ್ಕರ್ ತಡೆದರು, ಜನ ತಡೆದುಕೊಂಡರು. ಸವರ್ಣೀಯರು ಕೆರೆಗೆ ಶುದ್ಧಿ ಮಾಡಿಸಿದರು, ಕೋರ್ಟಿಗೆ ಹೋದರು. ಮೊಕದ್ದಮೆ ಎಳೆದೂ ಎಳೆದು ಮುಂಬೈ ಹೈಕೋರ್ಟು ನಮ್ಮವರ ಪರವಾಗಿ ತೀರ್ಪು ಕೊಟ್ಟಿದ್ದು 1937ರಲ್ಲಿ. ಠರಾವು ಇಲ್ಲದಿದ್ದರೆ ಆ ನಡಿಗೆಗೆ ಕಾನೂನಿನ ಬೆನ್ನು ಇರುತ್ತಿರಲಿಲ್ಲ. ಆ ನಡಿಗೆ ಇಲ್ಲದಿದ್ದರೆ ಠರಾವು ಗೆದ್ದಲು ತಿನ್ನುತ್ತಿತ್ತು. ಧೈರ್ಯ, ಸಂಯಮ, ಹತ್ತು ವರ್ಷ ಬಿಡದೆ ಹಿಡಿದ ಛಲ, ಇವೆಲ್ಲ ಗುಣಗಳೇ. ಆಳಿನ ಗುಣಗಳಲ್ಲ, ನಾಗರಿಕನ ಗುಣಗಳು.

ಈಗ ನಮ್ಮ ರಾಜ್ಯದ ಒಂದು ನೋವಿನ ಮಾತು. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಆ ಹೊತ್ತಿಗೆ 17ನೇ ವಿಧಿ ಇತ್ತು, 1955ರ ಕಾಯಿದೆ ಇತ್ತು, 1989ರ ದೌರ್ಜನ್ಯ ತಡೆ ಕಾಯಿದೆ ಇತ್ತು. ಮೊಕದ್ದಮೆಯಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿ ಹಿಡಿಯಿತು. ಏಳು ಸಾವಿಗೆ ಒಬ್ಬರೂ ಹೊಣೆಯಾಗಲಿಲ್ಲ.

ಇದನ್ನು ಕೇಳಿ, ಸಾಕ್ಷಿಗಳಿಗೆ ಧೈರ್ಯ ಇರಲಿಲ್ಲ ಅಂತ ಸುಲಭವಾಗಿ ಹೇಳೋರು ಇದ್ದಾರೆ. ಹಾಗೆ ಹೇಳೋದು ಅನ್ಯಾಯ. ಒಂದು ಸಣ್ಣ ಊರಿನಲ್ಲಿ ನಾಳೆ ಕೂಲಿಗೆ ಕರೆಯುವವರು ಯಾರು, ರಾತ್ರಿ ಬಾಗಿಲು ಬಡಿಯುವವರು ಯಾರು ಅಂತ ಯೋಚಿಸಿ. ಧೈರ್ಯ ಗಾಳಿಯಲ್ಲಿ ಬೆಳೆಯೋದಿಲ್ಲ. ಅದಕ್ಕೆ ಕಾಲೂರಲು ತುಂಡು ನೆಲ ಬೇಕು, ಕೈಯಲ್ಲಿ ಕೆಲಸ ಬೇಕು, ಪಕ್ಕದಲ್ಲಿ ನಾಲ್ಕು ಜನ ಬೇಕು. ಗುಣಕ್ಕೆ ಬಿಡುವು, ಆಸರೆ ಬೇಕು ಅಂತ ಅರಿಸ್ಟಾಟಲನಿಗೂ ಗೊತ್ತಿತ್ತು. ಅವನು ಅದನ್ನು ಕೆಲವರಿಗೆ ಮೀಸಲಿಟ್ಟ, ಅದೇ ಅವನ ತಪ್ಪು. ಉದಾರವಾದಿ, ಗುಣ ನಿನ್ನ ಖಾಸಗಿ ವಿಚಾರ ಅಂತ ಕೈ ತೊಳೆದುಕೊಂಡ, ಅದು ಇನ್ನೊಂದು ತಪ್ಪು. ಎಲ್ಲರಿಗೂ ಧೈರ್ಯವಾಗಿರಲು ಸಾಧ್ಯವಾಗುವಂಥ ಭೂಮಿ, ಕೂಲಿ, ಓದು, ಸಂಘಟನೆ ಕೊಡಿ ಅಂತ ಕೇಳುವುದು ಹಕ್ಕಿನ ಹೋರಾಟ. ಅದು ಸಿಕ್ಕಷ್ಟರಲ್ಲಿ ನಿಂತು ಸಾಕ್ಷಿ ಹೇಳುವುದು ಗುಣದ ಹೋರಾಟ. ಒಂದನ್ನು ಬಿಟ್ಟು ಇನ್ನೊಂದು ನಡೆಯದು.

ಹಾಗಾದರೆ ಹುಟ್ಟನ್ನು ನೋಡದ ಗುಣದ ನೀತಿ ಎಲ್ಲಾದರೂ ಇದೆಯೆ? ಇದೆ. ಬುದ್ಧ ಹುಟ್ಟಿನಿಂದ ಯಾರೂ ಕೀಳಲ್ಲ, ನಡತೆಯಿಂದಲೇ ಕೀಳು ಮೇಲು ಅಂದ. ಬರೀ ಮಾತಿಗೆ ಬಿಡಲಿಲ್ಲ, ಸಂಘದ ನಿಯಮ ಮಾಡಿದ. ಬೌದ್ಧ ವಿನಯ ಗ್ರಂಥದಲ್ಲಿ ಒಂದು ಕತೆ ಬರುತ್ತೆ. ಶಾಕ್ಯ ರಾಜಕುಮಾರರು ಸಂಘ ಸೇರಲು ಬಂದಾಗ ಅವರ ಕ್ಷೌರಿಕ ಉಪಾಲಿಯೂ ಜೊತೆಗಿದ್ದ. ಉಪಾಲಿಗೆ ಮೊದಲು ದೀಕ್ಷೆ ಕೊಡಿ, ಆಗ ನಾವು ಅವನಿಗೆ ನಮಸ್ಕಾರ ಮಾಡಬೇಕಾಗುತ್ತೆ, ನಮ್ಮ ಕುಲದ ಗರ್ವ ಇಳಿಯುತ್ತೆ ಅಂತ ರಾಜಕುಮಾರರೇ ಕೇಳಿಕೊಂಡರು. ಹಾಗೇ ಆಯಿತು. ಸಂಘದಲ್ಲಿ ಮೊದಲು ಬಂದವನಿಗೆ ಆಮೇಲೆ ಬಂದವನು ತಲೆಬಾಗಬೇಕು, ನಿಯಮ ಅಷ್ಟೇ. ದಿನಾ ತಲೆಬಾಗಿ ಬಾಗಿ ಗರ್ವ ಇಳಿಯಿತು. ಗುಣ ರೂಢಿಯಿಂದ ಬರುತ್ತೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸಮಾನತೆಯ ನಿಯಮ ಮೊದಲು ಬಂತು, ಅದರೊಳಗೆ ವಿನಯ ಬೆಳೆಯಿತು.

ಅಂಬೇಡ್ಕರ್ 1954ರ ಅಕ್ಟೋಬರ್ 3ರಂದು ಆಕಾಶವಾಣಿಯಲ್ಲಿ ತಮ್ಮ ಜೀವನ ತತ್ವ ಹೇಳಿದಾಗ, ಸ್ವಾತಂತ್ರ್ಯ ಸಮಾನತೆ ಸೋದರತೆಯನ್ನು ತಾನು ಫ್ರೆಂಚ್ ಕ್ರಾಂತಿಯಿಂದ ಪಡೆದಿಲ್ಲ, ಬುದ್ಧನಿಂದ ಪಡೆದಿದ್ದೇನೆ ಅಂದರು. ಸ್ವಾತಂತ್ರ್ಯ ಸಮಾನತೆ ಮುರಿದಾಗ ಕಾನೂನು ಸ್ವಲ್ಪ ಕಾಪಾಡಬಹುದು, ಆದರೆ ನಿಜವಾದ ಕಾವಲು ಸೋದರತೆ ಅಂದರು. ಸೋದರತೆಯನ್ನು ಯಾವ ಕೋರ್ಟೂ ಜಾರಿ ಮಾಡೋಕಾಗಲ್ಲ. ಅದು ಮನುಷ್ಯರಲ್ಲಿ ಬೆಳೆಯಬೇಕಾದ್ದು. ವಿದ್ಯೆಯ ಜೊತೆ ಶೀಲ ಬೇಕು ಅಂತ ಅವರು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳಿದ್ದು ಇದೇ ಕಾರಣಕ್ಕೆ.

ಇನ್ನು ನಮ್ಮ ಹಾಸ್ಟೆಲಿಗೆ ಬರೋಣ. ಊರಿನ ಹಳೇ ಸಮುದಾಯ ನಮಗೆ ಬೇಡ ಅಂದೆವು. ಹೊಸದು ಎಲ್ಲಿ ಅಂದರೆ ಇಲ್ಲೇ. ಬೇರೆ ಬೇರೆ ತಾಲ್ಲೂಕಿನಿಂದ ಬಂದು ಒಂದೇ ಸೂರಿನಡಿ ಉಣ್ಣುವ ಹುಡುಗರು ನೀವು. ಮೆಸ್ಸಿನ ಲೆಕ್ಕವನ್ನು ಎಲ್ಲರ ಮುಂದೆ ಓದುವ ರೂಢಿ ಮಾಡಿ. ಕೊಡಬೇಕಾದ ಊಟ, ಹಾಸಿಗೆ, ವಿದ್ಯಾರ್ಥಿವೇತನ ಎಷ್ಟು ಅಂತ ಸರಕಾರಿ ಆದೇಶ ಓದಿ, ಕಮ್ಮಿಯಾದರೆ ಒಟ್ಟಾಗಿ ಕೇಳಿ. ಅಡುಗೆಯವರನ್ನು ಏಕವಚನದಲ್ಲಿ ಕೂಗುವುದನ್ನು ಬಿಡಿ. ಎಡಗೈ ಬಲಗೈ ಅಂತ ರೂಮು ಹಂಚಿಕೊಳ್ಳುವವನಿಗೆ ಬೇರೆಯವರ ಜಾತಿತನವನ್ನು ಬಯ್ಯುವ ಬಾಯಿ ಇಲ್ಲ. ಕ್ಲಾಸಿನ ಹೆಣ್ಣುಮಕ್ಕಳ ಬಗ್ಗೆ ರಾತ್ರಿ ರೂಮಿನಲ್ಲಿ ಆಡುವ ಮಾತು, ಹಗಲು ಸಮಾನತೆಯ ಬಗ್ಗೆ ಸಭೆಯಲ್ಲಿ ಆಡುವ ಮಾತು ಬೇರೆ ಬೇರೆ ಆಗಿರಬಾರದು. ನಾಯಕರು ತಪ್ಪು ಮಾಡಿದರೆ ಸಭೆಯಲ್ಲೇ ಎದ್ದು ಕೇಳಿ, ಅದು ದ್ರೋಹ ಅಲ್ಲ. ಊರಿನಲ್ಲಿ ದೌರ್ಜನ್ಯದ ಮೊಕದ್ದಮೆ ಇದ್ದರೆ ವಿಚಾರಣೆಯ ದಿನ ಸಾಕ್ಷಿಗಳ ಜೊತೆ ಬಸ್ಸು ಹತ್ತಿ ಹೋಗಿ ಕೋರ್ಟಿನ ಬೆಂಚಿನ ಮೇಲೆ ಕೂತಿರಿ. ಏನೂ ಮಾತಾಡಬೇಕಾಗಿಲ್ಲ. ಕೂತಿರುವುದೇ ಅವರಿಗೆ ಬಲ.

ಇದನ್ನೆಲ್ಲ ಮಾಡಿದರೆ ಮಾತ್ರ ನಿಮಗೆ ಹಕ್ಕು ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಹಕ್ಕು ನೀವು ಮನುಷ್ಯರು ಅನ್ನುವುದಕ್ಕೆ, ಒಳ್ಳೆಯವರು ಅನ್ನುವುದಕ್ಕಲ್ಲ. ಹಾಗೇ, ಹಕ್ಕು ಇದೆಯಲ್ಲ, ಇದೆಲ್ಲ ಯಾಕೆ ಅಂತ ನಿಮ್ಮೊಳಗೇ ಯಾರಾದರೂ ಅಂದರೆ ಅದನ್ನೂ ಒಪ್ಪಬೇಡಿ. ಮಹಾಡಿನ ಠರಾವು ಮೂರು ವರ್ಷ ಕಾಗದದಲ್ಲೇ ಬಿದ್ದಿತ್ತು ಅನ್ನುವುದನ್ನು ಅವರಿಗೆ ನೆನಪು ಮಾಡಿ.

ನಾನು ಹೇಳಬೇಕಾದ್ದು ಇಷ್ಟು. ಇನ್ನು ನೀವು ಪ್ರಶ್ನೆ ಕೇಳಿ. ಒಪ್ಪದೆ ಇದ್ದರೆ ಒಪ್ಪಲ್ಲ ಅಂತಲೇ ಹೇಳಿ, ಯಾಕೆ ಅಂತ ಹೇಳಿ. ರಾತ್ರಿ ಊಟದ ಗಂಟೆ ಹೊಡೆಯುವತನಕ ಸಮಯ ಇದೆ.